ಲೋಗೋಗಿಂತ ಮೊದಲು ಡ್ರೈಯರ್

ಮತ್ತಿಘಟ್ಟದಲ್ಲಿ ಜುಲೈ ತಿಂಗಳೆಂದರೆ ಗೋಡೆಗಳೂ ಬೆವರುತ್ತವೆ. ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಡಬ್ಬಿಯ ಉಪ್ಪು ನೀರೊಡೆಯುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ. ಶಿರಸಿಯಿಂದ ದೇವನಳ್ಳಿ ದಾಟಿ ಘಟ್ಟದ ಅಂಚಿಗೆ ಬಂದರೆ ನಮ್ಮೂರು. ಸಮುದ್ರದ ಕಡೆಯಿಂದ ಏರಿ ಬಂದ ಮೋಡ ನೇರ ನಮ್ಮ ಅಂಗಳಕ್ಕೇ ಇಳಿಯುತ್ತದೆ. ಇಂಥ ಊರಿನಲ್ಲಿ ಕೂತು ನಾನು ಬಾಳೆಕಾಯಿ ಹುಡಿ, ಮುರುಗಲು ಸಿಪ್ಪೆ, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತೇನೆ. ಹಾಗಾಗಿ ಸಣ್ಣ ತೋಟದವರು ಬ್ರಾಂಡ್ ಕಟ್ಟುವ ವಿಚಾರದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಕೈಯಲ್ಲಿರುವ ಮೊದಲ ದುಡ್ಡು ಒಣಗಿಸುವ ವ್ಯವಸ್ಥೆಗೆ ಹೋಗಬೇಕು, ಎರಡನೆಯದು ಚೀಟಿಗೆ ಮತ್ತು ಪರವಾನಗಿಗೆ. ಲೋಗೋ, ವೆಬ್‌ಸೈಟು, ರೀಲ್ಸು ಎಲ್ಲ ಆಮೇಲೆ. ದುಡ್ಡು ಉಳಿದರೆ.

ಈಚೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ರೈತ ಮಹಿಳೆಯರಿಗೆ ಮಾರಾಟದ ತರಬೇತಿಗಳು ಸಾಕಷ್ಟು ಆಗುತ್ತಿವೆ. ಒಳ್ಳೆಯದೇ. ಆದರೆ ಬಹುತೇಕ ಕಡೆ ಪಾಠ ಶುರುವಾಗುವುದು ಬಣ್ಣದಿಂದ. ಹಸಿರು ಬಳಸಿ, ಸೂರ್ಯನ ಚಿತ್ರ ಹಾಕಿ, ಇಂಗ್ಲಿಷಿನಲ್ಲಿ ಒಂದು ಸಾಲು ಬರೆಸಿ, ವಾರಕ್ಕೆ ಮೂರು ರೀಲ್ ಬಿಡಿ ಎನ್ನುತ್ತಾರೆ. ಅಂಥ ಒಂದು ತರಬೇತಿಯ ಕೊನೆಗೆ ಖರ್ಚಿನ ಅಂದಾಜು ಪಟ್ಟಿಯನ್ನೂ ಹಂಚಿದರು. ಒಟ್ಟು ಮೊತ್ತ ನೋಡಿದ ನಮ್ಮ ಅತ್ತಿಗೆ ಮೆಲ್ಲಗೆ ಅಂದಳು: ‘ಇಷ್ಟು ದುಡ್ಡಿಗೆ ಕೊಟ್ಟಿಗೆ ಮಾಡಿಗೆ ತಗಡು ಹಾಕಿಸಲಕ್ಕಿತ್ತು.’ ಎರಡು ಎಕರೆ ತೋಟದವರ ಲೆಕ್ಕವನ್ನು ಅವಳಷ್ಟು ಸರಿಯಾಗಿ ಅಲ್ಲಿ ಇನ್ಯಾರೂ ಹೇಳಲಿಲ್ಲ.

ಪ್ರಚಾರಕ್ಕೆ ದುಡ್ಡೇ ಬೇಕಿಲ್ಲ ಎನ್ನುವುದಕ್ಕೆ ನಮ್ಮ ಕಣ್ಣೆದುರೇ ಒಂದು ಉದಾಹರಣೆ ಇದೆ. 2021ರ ಲಾಕ್‌ಡೌನಿನಲ್ಲಿ ಬಾಳೆಗೊನೆ ಕೇಳುವವರಿಲ್ಲದೆ ತೋಟದಲ್ಲೇ ಹಣ್ಣಾಗಿ ಕೊಳೆಯುತ್ತಿತ್ತು. ಆಗ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಬಾಳೆಕಾಯಿ ಹುಡಿಯ ವಿಚಾರವನ್ನು ಆಂದೋಲನದ ಹಾಗೆ ಎತ್ತಿಕೊಂಡರು. ‘ಬಾಕಾಹು’ ಎಂಬ ಚುಟುಕು ಹೆಸರು ಚಾಲ್ತಿಗೆ ಬಂತು. ಕೇರಳದಲ್ಲಿ ಎಳೆ ಮಕ್ಕಳಿಗೆ ಬಾಳೆಕಾಯಿ ಹುಡಿ ಉಣಿಸುವ ರೂಢಿ ಮೊದಲಿಂದಲೂ ಇದೆ. ಅಲ್ಲಿನ ವಿಧಾನ ವಾಟ್ಸಾಪಿನಲ್ಲೇ ಇಲ್ಲಿಗೆ ಬಂತು. ಯಾರೋ ದೋಸೆ ಹೊಯ್ದು ಫೋಟೋ ಹಾಕಿದರು, ಇನ್ಯಾರೋ ಜಾಮೂನು ಕರಿದು ಹಾಕಿದರು. ಅದೇ ವರ್ಷದ ಜುಲೈ 25ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರ ಈ ದೋಸೆ, ಜಾಮೂನಿನ ಮಾತೆತ್ತಿದರು. ಯಾರೂ ಜಾಹೀರಾತಿಗೆ ಕಾಸು ಕೊಟ್ಟಿರಲಿಲ್ಲ.

ಆದರೆ ಆ ವಾರ ನಮ್ಮ ಜಿಲ್ಲೆ ಹೇಗಿತ್ತು? ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ತೋಟ, ಮನೆ, ರಸ್ತೆ ಮಣ್ಣುಪಾಲಾದ ವಾರ ಅದು. ಕರೆಂಟು ಕಂಬಗಳು ಮಲಗಿದ್ದವು. ದೇಶಕ್ಕೆಲ್ಲ ನಮ್ಮ ಹುಡಿಯ ಸುದ್ದಿ ಮುಟ್ಟಿದಾಗ ಇಲ್ಲಿ ಹುಡಿ ಒಣಗಿಸಲು ಬಿಸಿಲೇ ಇರಲಿಲ್ಲ. ಕೇಳಿದವರಿಗೆ ಕೊಡಲು ಸಾಧ್ಯವಾದದ್ದು ಮನೆಯಲ್ಲಿ ಡ್ರೈಯರ್ ಇದ್ದವರಿಗೆ ಮಾತ್ರ. ಉಳಿದವರು ‘ಮಳೆ ಹೋಗಲಿ’ ಎಂದರು. ಮಳೆ ಹೋಗುವಷ್ಟರಲ್ಲಿ ಕೇಳಿದವರು ಬೇರೆ ಸುದ್ದಿಯ ಹಿಂದೆ ಹೋಗಿದ್ದರು. ಹೆಸರು ಮಾಡುವುದು ಸುಲಭ, ಹೆಸರು ಬಂದಾಗ ಕೊಡಲು ಪದಾರ್ಥ ಇಟ್ಟುಕೊಳ್ಳುವುದು ಕಷ್ಟ ಎಂದು ನಾನು ಹೇಳುವುದು ಇದಕ್ಕೇ.

ಬಾಳೆಕಾಯಿ ಹುಡಿಯ ಕೆಲಸ ಕೇಳಲು ಸುಲಭ. ಬಲಿತ ಕಾಯಿಯನ್ನು ತೆಳ್ಳಗೆ ಹೆರೆದು, ಕಪ್ಪಾಗದಿರಲೆಂದು ಉಪ್ಪು ಹಾಕಿದ ಅನ್ನದ ತೆಳಿಯಲ್ಲಿ ಅದ್ದಿ, ಒಣಗಿಸಿ ಬೀಸಬೇಕು. ನಾಲ್ಕೈದು ಕಿಲೋ ಕಾಯಿಗೆ ಒಂದು ಕಿಲೋ ಹುಡಿ. ನಮ್ಮ ಮಿಟ್ಲಿ ಬಾಳೆಯೂ ಆಗುತ್ತದೆ, ಕರಿಬಾಳೆಯೂ ಆಗುತ್ತದೆ. ಇಡೀ ವ್ಯವಹಾರ ನಿಂತಿರುವುದು ಒಣಗಿಸುವ ಹಂತದಲ್ಲಿ. ಚಕ್ಕೆ ಮುರಿದರೆ ಟಕ್ ಎನ್ನಬೇಕು, ಬಾಗಬಾರದು. ತೇವ ಉಳಿದ ಹುಡಿಗೆ ತಿಂಗಳೊಳಗೆ ಮುಗ್ಗಲು ವಾಸನೆ ಬರುತ್ತದೆ. ಅಡಿಕೆ ಒಣಗಿಸುವ ಹೊಗೆಯ ಅಟ್ಟದಲ್ಲಿ ಹರವಿದರೆ ಹುಡಿಗೆ ಹೊಗೆ ಹತ್ತುತ್ತದೆ. ಬೆಂಗಳೂರಿನ ಮಗು ಆ ಗಂಜಿ ಬಾಯಿಗಿಡುವುದಿಲ್ಲ. ಬೆಂಕಿ ಹೊರಗೆ, ಬಿಸಿಗಾಳಿ ಒಳಗೆ, ಹೊಗೆ ಕೊಳವೆಯಲ್ಲಿ ಆಚೆ ಹೋಗುವ ಡ್ರೈಯರ್ ಬೇಕು. 55–60 ಡಿಗ್ರಿಯಲ್ಲಿ ನಿಧಾನಕ್ಕೆ ಒಣಗಬೇಕು. ಮುರುಗಲು ಸಿಪ್ಪೆಯ ಕಷ್ಟ ಇನ್ನೂ ಹೆಚ್ಚು: ಹಣ್ಣು ಕೆಂಪೇರಿ ಉದುರುವ ಹೊತ್ತಿಗೇ ಮೊದಲ ಮಳೆ ಬಾಗಿಲಲ್ಲಿ ನಿಂತಿರುತ್ತದೆ.

ಇಷ್ಟಾದ ಮೇಲೆ ಕಾಗದಪತ್ರ. ಇಲ್ಲಿ ಹೆಂಗಸರು ಹೆದರುತ್ತಾರೆ, ಹೆದರಬೇಕಿಲ್ಲ. ಮನೆಯಲ್ಲಿ ತಯಾರಿಸಿ ಮಾರುವ ತಿನಿಸಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿನವರಿಗೆ ಮೂಲ ನೋಂದಣಿಯ ಶುಲ್ಕ ವರ್ಷಕ್ಕೆ 100 ರೂಪಾಯಿ. ಆನ್‌ಲೈನಿನಲ್ಲೇ ಅರ್ಜಿ. 14 ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅದನ್ನು ಚೀಟಿಯ ಮೇಲೆ ಹಾಕಬೇಕು. ಅದರ ಜೊತೆಗೆ ಪದಾರ್ಥದ ಹೆಸರು, ಏನೇನು ಹಾಕಿದೆ, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಿಸಿದ ತಾರೀಕು, ಎಷ್ಟು ದಿನ ಚೆನ್ನಾಗಿರುತ್ತದೆ, ಸಸ್ಯಾಹಾರದ ಹಸಿರು ಗುರುತು, ಪೂರ್ತಿ ವಿಳಾಸ, ಫೋನ್ ನಂಬರು. ಇದನ್ನೆಲ್ಲ ಶಿರಸಿಯ ಯಾವ ಪ್ರೆಸ್ಸಿನಲ್ಲಾದರೂ ಒಂದೇ ಬಣ್ಣದಲ್ಲಿ ಅಚ್ಚು ಹಾಕಿಸಬಹುದು. ತಾರೀಕು ಮತ್ತು ಒಣಗಿಸಿದ ಸರದಿಯ ನಂಬರು ಮಾತ್ರ ನಾನು ಕೈಯಲ್ಲಿ ಬರೆಯುತ್ತೇನೆ. ಯಾರಾದರೂ ದೂರು ಹೇಳಿದರೆ ಯಾವ ದಿನದ ಕಾಯಿ, ಅವತ್ತು ಮಳೆಯಿತ್ತೋ ಇಲ್ಲವೋ ಎಂದು ಪಟ್ಟಿ ನೋಡಿ ಹೇಳಬಲ್ಲೆ. ಬೇರೆ ಯಾವ ಅಲಂಕಾರಕ್ಕಿಂತಲೂ ಹೆಚ್ಚು ಗಿರಾಕಿಗಳನ್ನು ಈ ನಂಬರು ನನಗೆ ಉಳಿಸಿಕೊಟ್ಟಿದೆ.

ಇನ್ನೊಂದು ಮಾತು ಹೆಂಗಸರಿಗೆ. ನಮ್ಮ ಮನೆಯ ಪಹಣಿ ಯಜಮಾನರ ಹೆಸರಿನಲ್ಲಿದೆ, ಸೊಸೈಟಿಯ ಷೇರು ಅವರದು, ಅಡಿಕೆಯ ಪಟ್ಟಿ ಬರುವುದು ಅವರ ಖಾತೆಗೆ. ಆದರೆ ಆಹಾರ ನೋಂದಣಿಗೆ ಜಮೀನು ನಮ್ಮ ಹೆಸರಿನಲ್ಲಿ ಇರಬೇಕೆಂದಿಲ್ಲ. ನನ್ನ ಆಧಾರ್, ನನ್ನ ಫೋಟೋ ಸಾಕಾಯಿತು. ಪೊಟ್ಟಣದ ಮೇಲಿರುವ ಹೆಸರು ನನ್ನದು, ಯುಪಿಐ ದುಡ್ಡು ಬರುವುದು ನನ್ನ ಖಾತೆಗೆ. ಮೂವತ್ತು ವರ್ಷ ಇದೇ ತೋಟದಲ್ಲಿ ದುಡಿದ ಮೇಲೆ ನನ್ನ ಹೆಸರು ಮೊದಲ ಸಲ ಅಚ್ಚಾದದ್ದು ಆ ಚೀಟಿಯ ಮೇಲೆ.

ಚೀಟಿಯ ಮೇಲೆ ಏನು ಬರೆಯಬಾರದು ಎನ್ನುವುದೂ ಮುಖ್ಯ. ‘ಸಕ್ಕರೆ ಕಾಯಿಲೆಗೆ ರಾಮಬಾಣ’ ಎಂದು ಬರೆಯಲು ಪುಸಲಾಯಿಸುವವರು ಸಿಗುತ್ತಾರೆ. ಕಾನೂನು ಒಪ್ಪುವುದಿಲ್ಲ, ಮನಸ್ಸೂ ಒಪ್ಪಬಾರದು. ‘ಸಾವಯವ’ ಎಂಬ ಶಬ್ದವೂ ಹಾಗೆಯೇ. ನೇರವಾಗಿ ಬಳಕೆದಾರರಿಗೆ ಮಾರುವ ಸಣ್ಣ ಬೆಳೆಗಾರರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ನಿಜ; ‘ಜೈವಿಕ್ ಭಾರತ್’ ಗುರುತು ಹಾಕುವಂತಿಲ್ಲ ಅಷ್ಟೆ. ಆದರೆ ನಮ್ಮ ತೋಟದಲ್ಲಿ ಕೊಳೆ ರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ಹೊಡೆಯುತ್ತೇವೆ. ಅಡಿಕೆ ಮರದ ನಡುವೆಯೇ ಬಾಳೆ ಇದೆ. ಅದಕ್ಕೆ ನಾನು ಬರೆದದ್ದು ಇಷ್ಟು: ‘ಬಾಳೆಗೆ ಕೊಟ್ಟಿಗೆ ಗೊಬ್ಬರ ಮತ್ತು ಬೆಟ್ಟದ ಸೊಪ್ಪು. ತೋಟದ ಅಡಿಕೆಗೆ ಮಳೆಗಾಲದಲ್ಲಿ ಸುಣ್ಣ–ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುತ್ತೇವೆ.’ ಅಚ್ಚು ಹಾಕುವ ಹುಡುಗ ಕೇಳಿದ, ‘ಅಕ್ಕಾ, ಎರಡನೇ ಸಾಲು ಯಾಕೆ? ಜನ ಹೆದರಿ ಬಿಡ್ತಾರೆ.’ ಯಾರೂ ಬಿಡಲಿಲ್ಲ. ಕೆಲವರು ಫೋನ್ ಮಾಡಿ ಬೋರ್ಡೋ ಎಂದರೇನು ಎಂದು ಕೇಳಿದರು. ಅವರೇ ಈಗ ಪ್ರತಿ ವರ್ಷ ಮೆಣಸು ತರಿಸುತ್ತಾರೆ.

ಇನ್ನು ಆನ್‌ಲೈನ್. ಖರ್ಚಿಲ್ಲದ ಸಾಧನಗಳೇ ನಮಗೆ ಸಾಕಾಗುವಷ್ಟಿವೆ. ವಾಟ್ಸಾಪ್ ಬಿಸಿನೆಸ್ ಪುಕ್ಕಟೆ. ಅದರಲ್ಲಿ ಪದಾರ್ಥಗಳ ಪಟ್ಟಿ, ಫೋಟೋ, ಬೆಲೆ ಹಾಕಿಡಬಹುದು. ಗೂಗಲ್ ಮ್ಯಾಪಿನಲ್ಲಿ ಮನೆಯನ್ನು ಗುರುತಿಸುವುದೂ ಪುಕ್ಕಟೆ. ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಗೋಡೆಗೆ ಮಾತಾಡುತ್ತಿದ್ದಾರೆ. ನಾನು ಪ್ರತಿ ಪಾರ್ಸೆಲ್ಲಿನಲ್ಲಿ ‘ಈ ನಂಬರನ್ನು ಸೇವ್ ಮಾಡಿಕೊಳ್ಳಿ, ಹೊಸ ಮಿಡಿ ಬಂದಾಗ ತಿಳಿಸುತ್ತೇನೆ’ ಎಂಬ ತುಂಡು ಕಾಗದ ಇಡುತ್ತೇನೆ. ವೆಬ್‌ಸೈಟಿಗಿಂತ ಹೆಚ್ಚು ವ್ಯಾಪಾರ ಆ ತುಂಡು ಕಾಗದ ತಂದಿದೆ.

ಫೋಟೋಗೆ ಬಾಡಿಗೆ ಕ್ಯಾಮೆರಾ ಬೇಡ. ಬೆಳಗಿನ ಬೆಳಕಿನಲ್ಲಿ ಜಗುಲಿಯ ಮೇಲೆ ಇಟ್ಟು ತೆಗೆದರೆ ಸಾಕು. ಇಂಟರ್ನೆಟ್ಟಿನಿಂದ ಎತ್ತಿದ ಚಂದದ ಚಿತ್ರ ಮಾತ್ರ ಹಾಕಬೇಡಿ. ನಮ್ಮ ಹುಡಿಗೆ ತುಸು ಬೂದು ಬಣ್ಣ ಇರುತ್ತದೆ, ಬಂದದ್ದು ಫೋಟೋದಲ್ಲಿ ಇದ್ದ ಹಾಗೇ ಇದ್ದರೆ ಯಾರೂ ತಕರಾರು ಮಾಡುವುದಿಲ್ಲ. ನಮ್ಮ ಕಡೆ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಹಾಗಾಗಿ ಪ್ರೊಫೈಲಿನಲ್ಲೇ ಬರೆದಿದ್ದೇನೆ: ಉತ್ತರ ರಾತ್ರಿ ಎಂಟರ ನಂತರ, ಪಾರ್ಸೆಲ್ ವಾರಕ್ಕೆ ಒಂದು ದಿನ, ಮಳೆಗಾಲದಲ್ಲಿ ತಡವಾಗಬಹುದು. ಮೊದಲೇ ಹೇಳಿದ ತಡಕ್ಕೆ ಯಾರೂ ಬೈಯುವುದಿಲ್ಲ.

ಸಾಗಣೆ ಖರ್ಚೇ ಸಣ್ಣ ವ್ಯಾಪಾರವನ್ನು ತಿನ್ನುವುದು. ಕಾಲು ಕಿಲೋ ಮೆಣಸನ್ನು ಅಂಚೆಯಲ್ಲಿ ಕಳಿಸಿದರೆ ಗಿಟ್ಟುತ್ತದೆ. ಉಪ್ಪಿನಕಾಯಿ ಭರಣಿಯನ್ನು ಒಂದೊಂದೇ ಕಳಿಸಿದರೆ ಗಿಟ್ಟುವುದಿಲ್ಲ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮೂರಿನ ಕೂಸೊಬ್ಬಳು ನೆರೆಯವರ ಬೇಡಿಕೆ ಒಟ್ಟು ಮಾಡುತ್ತಾಳೆ, ನಾನು ಒಂದೇ ಪೆಟ್ಟಿಗೆ ಬಸ್ಸಿನಲ್ಲಿ ಹಾಕುತ್ತೇನೆ. ಸಾರಿಗೆ ನಿಗಮಗಳು 2021ರಲ್ಲಿ ಶುರು ಮಾಡಿದ ‘ನಮ್ಮ ಕಾರ್ಗೋ’ ಇಂಥ ಕೆಲಸಕ್ಕೆ ಒದಗುತ್ತದೆ. ಪ್ರತಿ ಊರಿನ ಮಕ್ಕಳೂ ಬೆಂಗಳೂರಿನಲ್ಲಿ ಇದ್ದಾರೆ. ಅವರಿಗಿಂತ ದೊಡ್ಡ ಮಾರಾಟ ಜಾಲ ನಮಗೆ ಬೇಕೇ?

ದೊಡ್ಡ ಆನ್‌ಲೈನ್ ಅಂಗಡಿಗಳ ವಿಚಾರದಲ್ಲಿ ನನಗೆ ಅಷ್ಟು ಉತ್ಸಾಹವಿಲ್ಲ. 2023ರ ಅಕ್ಟೋಬರ್‌ನಿಂದ, ರಾಜ್ಯದ ಒಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ನೋಂದಣಿ ಇಲ್ಲದೆಯೂ ಅಂಥ ಅಂಗಡಿಗಳಲ್ಲಿ ಮಾರಬಹುದು. ಹೊರರಾಜ್ಯದ ಲೆಕ್ಕ ಬೇರೆ, ಅದನ್ನು ತಿಳಿದವರನ್ನು ಕೇಳಿಯೇ ಮುಂದುವರಿಯಿರಿ. ನನ್ನ ಅನುಮಾನ ಕಾನೂನಿನದಲ್ಲ. ಆ ಅಂಗಡಿಗಳು ವರ್ಷದ ಎಲ್ಲಾ ದಿನ ಸರಕು ಕೇಳುತ್ತವೆ, ಕಮಿಷನ್ ಹಿಡಿಯುತ್ತವೆ, ಹಬ್ಬಕ್ಕೆ ರಿಯಾಯಿತಿ ಕೊಡಿ ಎನ್ನುತ್ತವೆ. ಅಪ್ಪೆಮಿಡಿ ಮರ ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಬಿಡುವುದಿಲ್ಲ. ‘ಈ ಸಲ ಮಿಡಿ ಇಲ್ಲ’ ಎಂದು ನನ್ನ ಪಟ್ಟಿಯ ಗಿರಾಕಿಗೆ ಹೇಳಬಹುದು, ಅವರು ಮುಂದಿನ ವರ್ಷದವರೆಗೆ ಕಾಯುತ್ತಾರೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಮನೆಗೊಂದು ಬ್ರಾಂಡ್ ಮಾಡುವ ಭರದಲ್ಲಿ ನಾವು ಈಗಾಗಲೇ ನಮ್ಮದಾಗಿರುವ ದೊಡ್ಡ ಹೆಸರನ್ನು ಮೂಲೆಗೆ ಹಾಕಿದ್ದೇವೆ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳ ಅಡಿಕೆಗೆ ಸೇರಿದ ಹೆಸರು ಅದು. ನೋಂದಣಿ ಮಾಡಿಸಿದ್ದು 1923ರಲ್ಲಿ ಹುಟ್ಟಿದ ನಮ್ಮ ತೋಟಗಾರ್ಸ್ ಸೊಸೈಟಿ, ಟಿಎಸ್‌ಎಸ್. ಅಪ್ಪೆಮಿಡಿಗೂ ಇಂಥ ಗುರುತು ಇದೆ. ಬೆಳೆಗಾರರು ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿಕೊಂಡರೆ ಆ ಗುರುತನ್ನು ಹಾಕಿಕೊಳ್ಳಬಹುದು. ಅರ್ಜಿ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದರು. ಸ್ವಂತ ಹೆಸರಿನ ಟ್ರೇಡ್‌ಮಾರ್ಕಿಗೆ ಒಬ್ಬ ವ್ಯಕ್ತಿ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ ಕಟ್ಟಬೇಕು, ವಕೀಲರ ಫೀ ಬೇರೆ. ನಿಮ್ಮ ಕೇರಿಯಲ್ಲಿ ಕೇಳಿ ನೋಡಿ, ಹತ್ತು ರೂಪಾಯಿಯ ಅರ್ಜಿಯ ವಿಚಾರ ಎಷ್ಟು ಜನಕ್ಕೆ ಗೊತ್ತಿದೆ?

ಒಟ್ಟಾದ ಹೆಸರಿನ ಅಡಿಯಲ್ಲಿ ಒಬ್ಬೊಬ್ಬರ ಹೆಸರೂ ಉಳಿಯಬಹುದು. ಜಪಾನಿನಲ್ಲಿ 1993ರಿಂದ ಹೆದ್ದಾರಿ ಬದಿಯಲ್ಲಿ ‘ಮಿಚಿ ನೋ ಎಕಿ’ ಎಂಬ ತಂಗುದಾಣಗಳಿವೆ. ಅಲ್ಲಿನ ಮಳಿಗೆಗಳಲ್ಲಿ ಸುತ್ತಲಿನ ರೈತರ ತರಕಾರಿ, ಉಪ್ಪಿನಕಾಯಿ ಮಾರುತ್ತಾರೆ. ಕಟ್ಟಡ ಎಲ್ಲರದು, ಪೊಟ್ಟಣದ ಮೇಲೆ ಬೆಳೆದವರ ಹೆಸರು. ನಮಗೂ ಇದು ಹೊಸತಲ್ಲ. ಶಿರಸಿಯ ‘ವನಸ್ತ್ರೀ’ಯ ಹೆಂಗಸರು 2001ರಿಂದ ಮನೆಹಿತ್ತಿಲ ಬೀಜಗಳನ್ನು ಒಂದೇ ಬಳಗವಾಗಿ ಉಳಿಸಿ, ಹಂಚಿ, ಮೇಳದಲ್ಲಿ ಮಾರುತ್ತ ಬಂದಿದ್ದಾರೆ. ಕದಂಬ ಮಾರ್ಕೆಟಿಂಗ್‌ನಂಥ ಸಂಸ್ಥೆಗಳು ಹಲಸು, ಮುರುಗಲಿಗೂ ಮಾರುಕಟ್ಟೆ ಹುಡುಕಿವೆ. ಊರಿನ ಹೆಸರು ದೊಡ್ಡದಾಗಿ, ಮನೆಯ ಹೆಸರು ಅದರ ಕೆಳಗೆ ಇದ್ದರೆ ಹತ್ತು ಮನೆಯ ಪೊಟ್ಟಣ ಒಂದೇ ಪೆಟ್ಟಿಗೆಯಲ್ಲಿ ಹೋಗುತ್ತದೆ.

‘ಇಷ್ಟು ಸಣ್ಣದಾಗಿಯೇ ಇದ್ದರೆ ಹೊಟ್ಟೆ ತುಂಬುತ್ತದೆಯೇ’ ಎಂದು ನಮ್ಮ ಮನೆಯ ಮಾಣಿಯೇ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ನಮ್ಮ ವರ್ಷದ ಖರ್ಚು ನಡೆಯುವುದು ಇಂದಿಗೂ ಚಾಲಿ ಮತ್ತು ರಾಶಿ ಅಡಿಕೆಯಿಂದ, ಅದರ ದರ ತೀರ್ಮಾನವಾಗುವುದು ಶಿರಸಿಯ ಟೆಂಡರಿನಲ್ಲಿ. ಪೊಟ್ಟಣದ ದುಡ್ಡು ಅದಕ್ಕೆ ಸಾಟಿಯಲ್ಲ. ಆದರೆ ಎಲೆಚುಕ್ಕೆ ರೋಗ ಬಂದ ಮೇಲೆ, ಅಡಿಕೆ ಕೊಯ್ಯುವ ಕೊನೆಗೌಡರ ಮಜೂರಿ ಏರಿದ ಮೇಲೆ, ಒಂದೇ ಬೆಳೆಯನ್ನು ನಂಬಿ ಕೂರುವ ಧೈರ್ಯ ಯಾರಿಗಿದೆ? ಬಾಳೆ, ಮೆಣಸು, ಮುರುಗಲು, ಮಿಡಿ ಇವೆಲ್ಲ ತೋಟ, ಬೆಟ್ಟದಲ್ಲಿ ಮೊದಲೇ ಇದ್ದವು. ಕೊಳೆತು ಹೋಗುತ್ತಿದ್ದುದು ಈಗ ಕರೆಂಟು ಬಿಲ್ಲು, ಮಗಳ ಹಾಸ್ಟೆಲ್ ಫೀ ಕಟ್ಟುತ್ತದೆ. ಬ್ರಾಂಡಿನಿಂದ ಕೋಟಿ ಬರುತ್ತದೆ ಎಂದು ಹೇಳುವವರನ್ನು ನಂಬಬೇಡಿ, ಏನೂ ಬರುವುದಿಲ್ಲ ಎನ್ನುವವರನ್ನೂ ನಂಬಬೇಡಿ.

ಸರ್ಕಾರದ ನೆರವು ಇಲ್ಲವೆಂದಲ್ಲ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಯಂತ್ರಕ್ಕೆ ಶೇ 35 ಸಹಾಯಧನ ಇಟ್ಟರು, ನಮ್ಮ ರಾಜ್ಯ ಶೇ 15 ಸೇರಿಸಿ ಅರ್ಧದಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಮಾಡಿತು. ರಾಜ್ಯದ ನಿಗಮವಾದ ಕೆಪೆಕ್ ಅದನ್ನು ನೋಡಿಕೊಂಡಿತು. ಆದರೆ ಇದು ಬ್ಯಾಂಕ್ ಸಾಲದ ಜೊತೆ ಬರುವ ಹಣ. ವರ್ಷಕ್ಕೆ ಕೆಲವೇ ಕ್ವಿಂಟಲ್ ಬಾಳೆಕಾಯಿ ಒಣಗಿಸುವ ಮನೆಗೆ ಲಕ್ಷಗಟ್ಟಲೆ ಸಾಲದ ಯಂತ್ರ ಹೊರೆಯೇ. ಅದೇ ಯೋಜನೆಯಲ್ಲಿ ಸಹಕಾರ ಸಂಘ, ಸ್ವಸಹಾಯ ಗುಂಪುಗಳು ಸಾಮೂಹಿಕ ಸೌಲಭ್ಯ ಕಟ್ಟಿಕೊಳ್ಳಲೂ ಅವಕಾಶ ಇಟ್ಟಿದ್ದರು. ನಾವು ಅದನ್ನು ಬಳಸಿಕೊಂಡದ್ದು ಕಡಿಮೆ.

ಅದಕ್ಕೆ ನನ್ನ ಬೇಡಿಕೆ ಸರಳ. ಊರೂರಿನ ಸೇವಾ ಸಹಕಾರಿ ಸಂಘದ ಗೋದಾಮಿನ ಪಕ್ಕ ಒಂದು ಸಾಮೂಹಿಕ ಡ್ರೈಯರ್ ಇರಲಿ, ಕಿಲೋಗೆ ಇಂತಿಷ್ಟು ಎಂದು ಬಾಡಿಗೆ ಪಡೆಯಲಿ. ತೇವ ಅಳೆಯುವ ಒಂದು ಮಾಪಕ, ಒಂದು ಸೀಲಿಂಗ್ ಮಷಿನ್ ಅಲ್ಲೇ ಇರಲಿ. ವಾರಕ್ಕೊಮ್ಮೆ ಎಲ್ಲರ ಪಾರ್ಸೆಲ್ ಒಟ್ಟಿಗೆ ಶಿರಸಿಗೆ ಹೋಗಲಿ. ಹತ್ತು ರೂಪಾಯಿಯ ಆ ಅರ್ಜಿಯನ್ನು ಸಂಘದ ಕಾರ್ಯದರ್ಶಿಯೇ ತುಂಬಿಸಿಕೊಡಲಿ. ಗೊಬ್ಬರ, ಸಾಲ, ರೇಷನ್ನು ಕೊಡುವ ಸಂಘಕ್ಕೆ ಇದು ಹೊರಗಿನ ಕೆಲಸವೇನಲ್ಲ.

ಪ್ರತಿ ಸಂಘದ ವಾರ್ಷಿಕ ಸಭೆ ಸೆಪ್ಟೆಂಬರಿನ ಹೊತ್ತಿಗೆ ನಡೆಯುತ್ತದೆ. ಡಿವಿಡೆಂಡು ಎಷ್ಟು ಎಂದು ಕೇಳಿ ಊಟ ಮಾಡಿ ಬರುವ ಬದಲು ಈ ಸಲ ಡ್ರೈಯರ್ ಯಾವಾಗ ಎಂದು ಎದ್ದು ನಿಂತು ಕೇಳಿ. ಹೆಂಗಸರೂ ಹೋಗಿ. ನಿಮ್ಮ ಹೆಸರಿನಲ್ಲಿ ಷೇರು ಇಲ್ಲದಿದ್ದರೆ, ಲೋಗೋಗೆಂದು ತೆಗೆದಿಟ್ಟ ದುಡ್ಡಿನಲ್ಲಿ ಮೊದಲು ಒಂದು ಷೇರು ಮಾಡಿಸಿ.